ಮೈಮೇಲೆ ದದ್ದು ಎದ್ದಿದೆ, ಮೊದಲು ಯಾರ ಹತ್ತಿರ ಹೋಗೋದು?

ನಮ್ಮ ಮನೆಯಲ್ಲಿ ಎರಡು ಚರ್ಮದ ಕಾಯಿಲೆ ಬಂದು ಹೋದವು. ಒಂದು ನನ್ನ ಸೊಂಟದಲ್ಲಿ, ಇನ್ನೊಂದು ಊರಲ್ಲಿರುವ ಅಪ್ಪನ ಮುಖದಲ್ಲಿ. ನನ್ನದಕ್ಕೆ ಏಳು ತಿಂಗಳು ಹಿಡಿಯಿತು. ಅಪ್ಪನದು ಏನು ಅಂತ ಗೊತ್ತಾಗೋಕೇ ಎರಡು ವರ್ಷ ಬೇಕಾಯಿತು. ಕಾಯಿಲೆ ಅಷ್ಟು ದೊಡ್ಡದಾಗಿತ್ತು ಅಂತಲ್ಲ. ತಟ್ಟಬೇಕಾದ ಬಾಗಿಲೊಂದನ್ನು ಬಿಟ್ಟು ಓಣಿಯ ಬೇರೆಲ್ಲ ಬಾಗಿಲು ತಟ್ಟಿದ್ದೆವು, ಅಷ್ಟೇ.

ಅದಾದ ಮೇಲೆ ನೆಂಟರಲ್ಲಿ ಯಾರಿಗೆ ತುರಿಕೆ ಬಂದರೂ ನನಗೆ ಫೋನ್ ಬರುತ್ತದೆ. ಕೇಳುವ ಪ್ರಶ್ನೆ ಮಾತ್ರ ಒಂದೇ. ಮೆಡಿಕಲ್‌ನಲ್ಲಿ ಟ್ಯೂಬ್ ತಗೊಂಡರೆ ಸಾಕಾ? ನಮ್ಮ ಮಾಮೂಲಿ ಡಾಕ್ಟರಿಗೆ ತೋರಿಸೋದಾ, ಸ್ಕಿನ್ ಡಾಕ್ಟರೇ ಬೇಕಾ? ಸರ್ಕಾರಿ ಆಸ್ಪತ್ರೆ ಆಗುತ್ತಾ? ಫೋಟೋ ಕಳಿಸಿದರೆ ನಡೆಯಲ್ವಾ? ನಾನು ಡಾಕ್ಟರಲ್ಲ. ಏನು ಕಾಯಿಲೆ ಅಂತ ಹೇಳಲಾರೆ. ಯಾರ ಹತ್ತಿರ ಹೋದರೆ ಏನು ಸಿಗುತ್ತದೆ, ಏನು ಸಿಗಲ್ಲ ಅನ್ನೋದನ್ನ ಮಾತ್ರ ಹೇಳಬಲ್ಲೆ.

ಕೆಲವರಿಗೆ ಆಯ್ಕೆಯೇ ಇಲ್ಲ

ಮುಂದೆ ಓದುವ ಮುಂಚೆ ಇಷ್ಟನ್ನು ನೋಡಿಕೊಳ್ಳಿ. ದದ್ದಿನ ಜೊತೆ ತುಟಿ, ನಾಲಿಗೆ ಊದಿಕೊಂಡಿದೆಯಾ? ಉಸಿರು ಕಟ್ಟುತ್ತಿದೆಯಾ, ತಲೆ ಸುತ್ತುತ್ತಿದೆಯಾ? ಹಾಗಿದ್ದರೆ ಓದೋದು ಬಿಟ್ಟು 108ಕ್ಕೆ ಫೋನ್ ಮಾಡಿ.

ಜ್ವರವಿದ್ದು ಮೈಮೇಲೆ ಕೆಂಪು, ನೇರಳೆ ಚುಕ್ಕೆಗಳಿದ್ದರೆ ಒಂದು ಗಾಜಿನ ಲೋಟ ತಗೊಂಡು ಅದರ ಮೇಲೆ ಒತ್ತಿ ನೋಡಿ. ಮಾಮೂಲಿ ಕೆಂಪಾದರೆ ಒತ್ತಿದಾಗ ಮಾಸುತ್ತದೆ. ಚುಕ್ಕೆ ಹಾಗೇ ಉಳಿದರೆ ಅದು ಚರ್ಮದೊಳಗೆ ರಕ್ತ ಜಿನುಗಿರುವ ಗುರುತು. ಆವತ್ತೇ ಆಸ್ಪತ್ರೆಗೆ ಹೋಗಬೇಕು. ಡೆಂಗಿ ಓಡಾಡುವ ಕಾಲದಲ್ಲಂತೂ ಜ್ವರದ ಜೊತೆ ಯಾವ ದದ್ದು ಬಂದರೂ ಸುಮ್ನೆ ಕೂರಬೇಡಿ.

ಇನ್ನೊಂದು ಜನಕ್ಕೆ ಗೊತ್ತೇ ಇಲ್ಲದ ವಿಷಯ. ಹೊಸ ಮಾತ್ರೆ ಶುರು ಮಾಡಿದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಮೈತುಂಬ ದದ್ದು ಬಂದು, ಜೊತೆಗೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಮುಟ್ಟಿದರೆ ನೋವು ಅಥವಾ ಸಿಪ್ಪೆ ಏಳುವುದು ಕಂಡರೆ ಅದು ಔಷಧದ ಕೆಟ್ಟ ಪ್ರತಿಕ್ರಿಯೆ ಇರಬಹುದು. ಜೀವಕ್ಕೇ ಅಪಾಯ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆಗಳು ಇದಕ್ಕೆ ಹೆಸರಾದವು. ಇಂಥದ್ದಕ್ಕೆ ಚಿಕ್ಕ ಕ್ಲಿನಿಕ್ ಸಾಲದು. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನೇರ ದೊಡ್ಡ ಆಸ್ಪತ್ರೆಗೇ ಹೋಗಿ.

ಸರ್ಪಸುತ್ತು ಇನ್ನೊಂದು. ಮೈಯ ಒಂದೇ ಪಕ್ಕದಲ್ಲಿ ಮೊದಲು ಉರಿ, ನೋವು. ಒಂದೆರಡು ದಿನ ಬಿಟ್ಟು ಪಟ್ಟಿ ಎಳೆದ ಹಾಗೆ ನೀರುಗುಳ್ಳೆ. ಇದಕ್ಕೆ ವೈರಸ್ ವಿರುದ್ಧದ ಮಾತ್ರೆ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಣೆ, ಕಣ್ಣು, ಮೂಗಿನ ತುದಿಯ ಹತ್ತಿರ ಬಂದರೆ ಆ ದಿನವೇ ತೋರಿಸಬೇಕು, ಕಣ್ಣಿಗೆ ಹೊಡೆತ ಬೀಳಬಹುದು.

ಇವು ಯಾವುದೂ ಇಲ್ಲ, ಆದರೆ ತುರಿಕೆ ಇದೆ, ದದ್ದು ಇದೆ, ಯಾಕೆ ಅಂತ ಗೊತ್ತಿಲ್ಲ ಅನ್ನುವವರಿಗೆ ಉಳಿದದ್ದು.

ಏನು ನೋಡಿ ಆರಿಸೋದು?

ನಾವು ಸಾಮಾನ್ಯವಾಗಿ ನೋಡೋದು ಎರಡೇ. ಎಷ್ಟು ಹತ್ತಿರ, ಎಷ್ಟು ಫೀಸು. ನಾನೂ ಹಾಗೇ ಮಾಡಿದ್ದೆ. ಈಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇಲ್ಲಿ ಹೋದರೆ ಈ ದದ್ದಿಗೆ ಯಾರಾದರೂ ಒಂದು ಹೆಸರು ಹೇಳುತ್ತಾರಾ? 'ಅಲರ್ಜಿ', 'ಹೀಟು', 'ರಕ್ತ ಕೆಟ್ಟಿದೆ' ಇವು ಹೆಸರಲ್ಲ. ಹುಳುಕಡ್ಡಿ, ಕಜ್ಜಿ, ಇಸುಬು, ಸೋರಿಯಾಸಿಸ್, ಪಿತ್ತಗಂಧೆ, ಇವು ಹೆಸರು. ಒಂದಕ್ಕೆ ಕೊಡುವ ಮುಲಾಮು ಇನ್ನೊಂದನ್ನು ಹೆಚ್ಚಿಸುತ್ತದೆ. ಹೆಸರು ಯಾಕೆ ಬೇಕು ಅಂದರೆ ಅದಕ್ಕೇ.

ಆಮೇಲೆ ನೋಡುವುದು, ಅನುಮಾನ ಬಂದರೆ ಪರೀಕ್ಷೆ ಮಾಡುವ ಸೌಕರ್ಯ ಅಲ್ಲೇ ಇದೆಯಾ ಅಂತ. ಮತ್ತೆ ಅದೇ ಡಾಕ್ಟರ್ ಸಿಗುತ್ತಾರಾ ಅನ್ನೋದೂ ಮುಖ್ಯ, ಯಾಕಂದರೆ ಚರ್ಮದ ಕಾಯಿಲೆ ಒಂದೇ ಭೇಟಿಗೆ ಮುಗಿಯೋದು ಕಡಿಮೆ. ಖರ್ಚು ಲೆಕ್ಕ ಹಾಕುವಾಗ ಫೀಸು ನೋಡಬೇಡಿ, ವಾಸಿಯಾಗುವ ತನಕದ ಒಟ್ಟು ದುಡ್ಡು ನೋಡಿ. ಕೂಲಿ ಕಳೆದುಕೊಂಡ ದಿನಗಳನ್ನೂ ಸೇರಿಸಿ. ಅಂದಹಾಗೆ, ಆಸ್ಪತ್ರೆಗೆ ಸೇರಿದರಷ್ಟೇ ದುಡ್ಡು ಕೊಡುವ ಆರೋಗ್ಯ ವಿಮೆಗಳೇ ಹೆಚ್ಚು. ಬರೀ ತೋರಿಸಿಕೊಂಡು ಬರುವ ಖರ್ಚು ನಿಮ್ಮ ಜೇಬಿನಿಂದಲೇ ಅಂದುಕೊಳ್ಳಿ.

ಮೆಡಿಕಲ್ ಶಾಪ್: ಎಲ್ಲಕ್ಕಿಂತ ಹತ್ತಿರ, ನನಗೆ ಎಲ್ಲಕ್ಕಿಂತ ದುಬಾರಿ

ನನ್ನ ಕಥೆ ಶುರುವಾಗಿದ್ದು ಇಲ್ಲಿಂದ. ಸೊಂಟದಲ್ಲಿ, ಬೆಲ್ಟ್ ಕೂರುವ ಕಡೆ, ಐದು ರೂಪಾಯಿ ನಾಣ್ಯದಷ್ಟು ಒಂದು ಉಂಗುರ. ಅಂಚು ಕೆಂಪು, ನಡುವೆ ಮಾಮೂಲಿ ಚರ್ಮ. ಮೆಡಿಕಲ್‌ನಲ್ಲಿ ಅಂಗಿ ಸ್ವಲ್ಪ ಎತ್ತಿ ತೋರಿಸಿದೆ. ಹುಡುಗ ಕೌಂಟರ್ ಆಚೆಯಿಂದಲೇ ನೋಡಿ ಒಂದು ಟ್ಯೂಬ್ ಕೊಟ್ಟ. ಮೂರೇ ದಿನ, ತುರಿಕೆ ಮಾಯ! ಅವನೇ ನಿಜವಾದ ಡಾಕ್ಟರ್ ಅಂದುಕೊಂಡೆ.

ಹಚ್ಚೋದು ಬಿಟ್ಟ ವಾರಕ್ಕೆ ಅದು ವಾಪಸ್ ಬಂತು, ಅಂಗೈಯಷ್ಟಾಗಿ. ಮತ್ತೊಂದು ಟ್ಯೂಬ್. ಮತ್ತೆ ಮಾಯ, ಮತ್ತೆ ವಾಪಸ್. ನಾಲ್ಕನೇ ಟ್ಯೂಬ್ ಹೊತ್ತಿಗೆ ಉಂಗುರದ ಆಕಾರವೇ ಇರಲಿಲ್ಲ. ಸೊಂಟದ ಸುತ್ತ ಕಂದು ಬಣ್ಣದ ನಕಾಶೆ. ಹೆಂಡತಿಗೂ ಕಂಕುಳಲ್ಲಿ ಶುರುವಾಗಿತ್ತು.

ಆಗಿದ್ದು ಇಷ್ಟು. ಅದು ಹುಳುಕಡ್ಡಿ, ಅಂದರೆ ಫಂಗಸ್. ಆ ಟ್ಯೂಬಿನಲ್ಲಿ ಫಂಗಸ್ ಔಷಧದ ಜೊತೆ ಜೋರಾದ ಸ್ಟೀರಾಯ್ಡ್ ಕೂಡ ಇತ್ತು. ಸ್ಟೀರಾಯ್ಡ್ ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ. ಜೊತೆಗೆ ಫಂಗಸ್ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ಶಾಂತ, ಒಳಗೆ ಹಬ್ಬುತ್ತಾ ಹೋಗುತ್ತದೆ. ಗುರುತೇ ಸಿಗದ ಹಾಗೆ ರೂಪ ಬದಲಾಗುತ್ತದೆ, ಆಮೇಲೆ ನೋಡುವ ಡಾಕ್ಟರಿಗೂ ಕಷ್ಟ. ಸಾಲದ್ದಕ್ಕೆ, ನಮ್ಮ ದೇಶದಲ್ಲಿ ಈಗ ಹರಡಿರುವ ಒಂದು ಬಗೆಯ ಫಂಗಸ್, ಅದಕ್ಕೆಂದೇ ಕೊಡುವ ಟರ್ಬಿನಾಫಿನ್ ಮಾತ್ರೆಗೂ ಸುಲಭಕ್ಕೆ ಬಗ್ಗುವುದಿಲ್ಲ. 2020ರಲ್ಲಿ ಅದಕ್ಕೆ ಟ್ರೈಕೋಫೈಟನ್ ಇಂಡೋಟಿನೇಯಿ ಅಂತ ಹೆಸರಿಟ್ಟರು. ಹೆಸರಲ್ಲೇ ನಮ್ಮ ದೇಶ ಇದೆ, ಹೆಮ್ಮೆ ಪಡುವ ಹಾಗಿಲ್ಲ.

ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಹಾಗಾಗಿ ಟ್ಯೂಬ್ ಹಿಂದಿನ ಸಣ್ಣಕ್ಷರ ಓದಿ. ಕ್ಲೋಬೆಟಸೋಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್. ಇದರಲ್ಲಿ ಒಂದಿದ್ದರೂ ಡಾಕ್ಟರ್ ಹೇಳದೆ ಹಚ್ಚಬೇಡಿ. ಮುಖಕ್ಕೆ, ತೊಡೆಸಂದಿಗೆ, ಮಗುವಿಗೆ ಬೇಡವೇ ಬೇಡ. ಸ್ಟೀರಾಯ್ಡ್ ಕೆಟ್ಟದ್ದು ಅಂತ ಅಲ್ಲ. ಇಸುಬಿಗೆ ಅದೇ ಒಳ್ಳೆಯ ಔಷಧ. ಸರಿಯಾದ ಕಾಯಿಲೆಗೆ, ಸರಿಯಾದಷ್ಟು ದಿನ ಮಾತ್ರ.

ಹಾಗಾದರೆ ಮೆಡಿಕಲ್‌ಗೆ ಹೋಗಲೇಬಾರದಾ? ಹೋಗಿ. ಸೊಳ್ಳೆ ಕಚ್ಚಿದ್ದಕ್ಕೆ, ಬೆವರುಗುಳ್ಳೆಗೆ ಕ್ಯಾಲಮೈನ್ ಲೋಷನ್ ತಗೊಳ್ಳಿ. ಒಣಚರ್ಮಕ್ಕೆ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ. ತುರಿಕೆ ತಡೆಯೋಕೆ ಆಗದೆ ರಾತ್ರಿ ಕಳೆಯಬೇಕಾದರೆ ಸೆಟಿರಿಜಿನ್ ತಗೊಳ್ಳುವವರಿದ್ದಾರೆ. ತೂಕಡಿಕೆ ಬರುತ್ತದೆ, ಆಮೇಲೆ ಗಾಡಿ ಓಡಿಸಬೇಡಿ. ಮಕ್ಕಳಿಗೆ, ಬಸುರಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಕೇಳದೆ ಕೊಡಬೇಡಿ. ಎರಡು ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ಮೆಡಿಕಲ್‌ನ ಕೆಲಸ ಅಲ್ಲಿಗೆ ಮುಗಿಯಿತು.

ಮಾಮೂಲಿ ಡಾಕ್ಟರು, ಪಿಎಚ್‌ಸಿ, ನಮ್ಮ ಕ್ಲಿನಿಕ್

ಹೆಚ್ಚಿನವರಿಗೆ ಮೊದಲ ಬಾಗಿಲು ಇದೇ ಆಗಬೇಕು ಅಂತ ನನ್ನ ಅಭಿಪ್ರಾಯ. ಮನೆಯವರ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಎಲ್ಲ ಗೊತ್ತಿರುವ ಡಾಕ್ಟರಾದರೆ ಇನ್ನೂ ಒಳ್ಳೆಯದು. ಔಷಧದಿಂದ ಬಂದ ದದ್ದನ್ನು ಅವರೇ ಬೇಗ ಹಿಡಿಯುತ್ತಾರೆ. ಮಕ್ಕಳ ಚಿಕನ್‌ಪಾಕ್ಸ್, ದಡಾರ, ಪಿತ್ತಗಂಧೆ, ಕಜ್ಜಿ, ಕೀವುಗುಳ್ಳೆ ಇಷ್ಟಕ್ಕೆ ಇವರು ಸಾಕು. ಪಿಎಚ್‌ಸಿ ಅಂದರೆ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರವೇ ನಡೆಸುವ 'ನಮ್ಮ ಕ್ಲಿನಿಕ್'ನಲ್ಲಿ ದುಡ್ಡೂ ಇಲ್ಲ.

ಕಜ್ಜಿಯ ಬಗ್ಗೆ ಒಂದು ಮಾತು. ರಾತ್ರಿ ಹೊತ್ತು ತುರಿಕೆ ಜಾಸ್ತಿ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೂ ಒಬ್ಬರಿಗೆ ತುರಿಕೆ ಅಂದರೆ ಅನುಮಾನ ಅಲ್ಲಿಗೇ ಹೋಗುತ್ತದೆ. ಔಷಧ ಸರಿಯಾಗಿ ಕೊಟ್ಟರೂ ಜನ ಸೋಲೋದು ಹಚ್ಚುವುದರಲ್ಲಿ. ಪರ್ಮೆಥ್ರಿನ್ ಮುಲಾಮನ್ನು ಗುಳ್ಳೆಗೆ ಮಾತ್ರ ಹಚ್ಚುತ್ತಾರೆ. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಕೆಳಗೂ ಹಚ್ಚಬೇಕು. ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ. ತುರಿಕೆ ಇರಲಿ, ಬಿಡಲಿ, ಮನೆಮಂದಿಯೆಲ್ಲ ಒಂದೇ ದಿನ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ಒಂದು ವಾರ ಬಿಟ್ಟು ಇನ್ನೊಂದು ಸಲ. ಹಾಸ್ಟೆಲ್‌ನಿಂದ ಬರುವ ಮಕ್ಕಳಿರುವ ಮನೆಯವರು ಇದನ್ನು ಗೋಡೆಗೆ ಅಂಟಿಸಿಟ್ಟುಕೊಂಡರೂ ತಪ್ಪಿಲ್ಲ.

ಪಿಎಚ್‌ಸಿಗೆ ಹೋಗಲೇಬೇಕಾದ ಇನ್ನೊಂದು ದದ್ದಿದೆ, ದದ್ದು ಅನ್ನೋದೇ ತಪ್ಪು. ತಿಳಿಬಿಳಿ ಅಥವಾ ತಾಮ್ರದ ಬಣ್ಣದ ಮಚ್ಚೆ. ತುರಿಕೆ ಇಲ್ಲ, ನೋವಿಲ್ಲ. ಮುಟ್ಟಿದ್ದು, ಬಿಸಿ ತಾಗಿದ್ದು ಸರಿಯಾಗಿ ಗೊತ್ತಾಗಲ್ಲ. ತೊಂದರೆ ಕೊಡದ್ದರಿಂದಲೇ ಜನ ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಕುಷ್ಠ ಇರಬಹುದು. ಭಯ, ನಾಚಿಕೆ ಎರಡೂ ಬೇಡ. ಬಗೆ ನೋಡಿ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ, ಪೂರ್ತಿ ಉಚಿತ, ಪೂರ್ತಿ ವಾಸಿ. ಖಾಸಗಿ ಕ್ಲಿನಿಕ್‌ನಲ್ಲಿ ಗೊತ್ತಾದರೂ ಮಾತ್ರೆ ಸರ್ಕಾರದ ಕಡೆಯಿಂದಲೇ ಸಿಗುತ್ತದೆ.

ಇಲ್ಲಿನ ಮಿತಿಯನ್ನೂ ಹೇಳಬೇಕು. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ಬಟ್ಟೆ ಸರಿಸಿ, ಬೆಳಕಲ್ಲಿ ಮೈಯೆಲ್ಲ ನೋಡೋಕೆ ಸಮಯ ಇರುವುದಿಲ್ಲ. ಕೆಲವು ಕಡೆ ಒಂದು ಇಂಜೆಕ್ಷನ್ ಹಾಕಿ ಕಳಿಸುತ್ತಾರೆ. ಮರುದಿನವೇ ಹಗುರ, ತಿಂಗಳಿಗೆ ವಾಪಸ್. ಅದರಲ್ಲೂ ಸ್ಟೀರಾಯ್ಡೇ ಇದ್ದಿರಬಹುದು. "ಏನು ಇಂಜೆಕ್ಷನ್ ಸರ್, ಚೀಟಿಯಲ್ಲಿ ಬರೆದುಕೊಡಿ" ಅಂತ ಕೇಳಿ. ಬೇಜಾರಾದರೆ ಆಗಲಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಬಂದರೆ, ಅದೇ ಡಾಕ್ಟರಿಗೆ ಸ್ಕಿನ್ ಡಾಕ್ಟರಿಗೆ ಬರೆದುಕೊಡಿ ಅನ್ನಿ. ಒಳ್ಳೆಯ ಡಾಕ್ಟರ್ ಇದಕ್ಕೆ ಯಾವತ್ತೂ ಸಿಟ್ಟಾಗುವುದಿಲ್ಲ.

ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗ

ಇದನ್ನು ನಾವು ತುಂಬಾ ಕಡೆಗಣಿಸಿದ್ದೇವೆ. ಅಪ್ಪನ ಕಾಯಿಲೆಗೆ ಹೆಸರು ಸಿಕ್ಕಿದ್ದು ಇಲ್ಲಿ.

ಅಪ್ಪ ಹಾವೇರಿ ಕಡೆ ಹೊಲ ಮಾಡಿಕೊಂಡಿದ್ದಾರೆ. ಮಳೆಗಾಲ ಬಂತೆಂದರೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಒಳಮಡಿಕೆ ಎಲ್ಲ ಕೆಂಪಾಗಿ ದಪ್ಪಗಾಗುತ್ತಿತ್ತು. ರಾತ್ರಿ ಎದ್ದು ಕೂತು ಕೆರೆಯುತ್ತಿದ್ದರು. ಬಿಸಿಲು ಅಂದರು, ಪಿತ್ತ ಅಂದರು. ಬದನೆಕಾಯಿ ಬಿಡಿಸಿದರು, ಶೇಂಗಾ ಬಿಡಿಸಿದರು. ಉತ್ತರ ಕರ್ನಾಟಕದವರಿಗೆ ಶೇಂಗಾ ಬಿಡಿಸಿದರೆ ಊಟದಲ್ಲಿ ಇನ್ನೇನು ಉಳಿಯುತ್ತೆ ಹೇಳಿ! ನನ್ನ ಊರಿಗೆ ಬಂದಾಗ ತಾನಾಗೇ ಕಡಿಮೆ ಆಗುತ್ತಿತ್ತು. "ನಿನ್ ಮನೀ ನೀರು ಚಲೋ ಅದ" ಅನ್ನುತ್ತಿದ್ದರು.

ಮೆಡಿಕಲ್ ಕಾಲೇಜಿನಲ್ಲಿ ಮೊದಲು ನೋಡಿದ್ದು ಓದುತ್ತಿರುವ ಒಬ್ಬ ಹುಡುಗಿ. ಅರ್ಧ ಗಂಟೆ ಪ್ರಶ್ನೆ ಕೇಳಿದಳು. ಹೊಲದ ಬದುವಿನಲ್ಲಿ ಏನು ಬೆಳೆದಿದೆ ಅಂತ ಕೂಡ! ಆಮೇಲೆ ದೊಡ್ಡ ಡಾಕ್ಟರು ಬಂದರು, ರೆಪ್ಪೆ ಹಿಡಿದು ನೋಡಿದರು, "ಕಾಂಗ್ರೆಸ್ ಕಸ ಕೀಳ್ತೀರಾ?" ಅಂದರು. ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನ ಮೇಲೆ ಪುಟ್ಟ ಪುಟ್ಟ ಬಟ್ಟಲಲ್ಲಿ ಬೇರೆ ಬೇರೆ ವಸ್ತು ಇಟ್ಟು ಟೇಪು ಅಂಟಿಸುತ್ತಾರೆ. 48 ಗಂಟೆ ಬೆನ್ನು ನೆನೆಯಬಾರದು, ಬೆವರಬಾರದು. ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಅಪ್ಪನ ಬೆನ್ನಲ್ಲಿ ಎಲ್ಲ ಚೌಕಗಳೂ ಖಾಲಿ, ಒಂದರಲ್ಲಿ ಮಾತ್ರ ಕೆಂಪಗೆ ಗುಳ್ಳೆ. ಪಾರ್ಥೇನಿಯಂ, ಅಂದರೆ ಅದೇ ಕಾಂಗ್ರೆಸ್ ಕಸ. ಅದರ ಒಣಪುಡಿ ಗಾಳಿಯಲ್ಲಿ ಹಾರಿ ಬಟ್ಟೆ ಮುಚ್ಚದ ಜಾಗಕ್ಕೆ ಕೂರುತ್ತದೆ. ಕೈಯಲ್ಲಿ ಮುಟ್ಟಲೇಬೇಕು ಅಂತಿಲ್ಲ. ಬದನೆ, ಶೇಂಗಾ ಎರಡಕ್ಕೂ ಕ್ಲೀನ್ ಚಿಟ್ ಸಿಕ್ಕಿತು.

ಈ ಪ್ಯಾಚ್ ಟೆಸ್ಟ್ ಎಲ್ಲ ಕಡೆ ಇರುವುದಿಲ್ಲ. ಗಾರೆ ಕೆಲಸದವರಿಗೆ ಸಿಮೆಂಟಿನ ಕ್ರೋಮೇಟ್, ಒಡವೆ, ವಾಚಿನ ನಿಕ್ಕಲ್, ತಲೆಗೆ ಹಚ್ಚುವ ಕರಿ ಬಣ್ಣ, ಅಂಟಿಸುವ ಬಿಂದಿಯ ಗೋಂದು, ಇಂಥವನ್ನು ಹಿಡಿಯೋದು ಇದರಲ್ಲೇ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಶಿವಮೊಗ್ಗದ ಮೆಗ್ಗಾನ್, ಹೀಗೆ ಮೆಡಿಕಲ್ ಕಾಲೇಜು ಇರುವ ಕಡೆ ಚರ್ಮ ವಿಭಾಗ ಇದ್ದೇ ಇರುತ್ತದೆ. ಯಾವ ಪರೀಕ್ಷೆ ಯಾವ ದಿನ ಮಾಡುತ್ತಾರೆ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ.

ಬೆಲೆ ಕಟ್ಟಬೇಕಾದ್ದು ಸಮಯದಲ್ಲಿ. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು, ಔಷಧಕ್ಕೆ ಇನ್ನೊಂದು. ಬೆಳಿಗ್ಗೆ ಎಂಟಕ್ಕೇ ಹೋದರೂ ಮಧ್ಯಾಹ್ನ. ಮುಂದಿನ ಸಲ ಬೇರೆ ಡಾಕ್ಟರ್ ಸಿಗಬಹುದು. ನಾಲ್ಕಾರು ವಿದ್ಯಾರ್ಥಿಗಳ ಮುಂದೆ ಅಂಗಿ ಬಿಚ್ಚಬೇಕು, ಕೆಲವರಿಗೆ ಮುಜುಗರ. ಗುಪ್ತಾಂಗದ ತೊಂದರೆಗೆ ಹೋಗುವ ಹೆಣ್ಣುಮಕ್ಕಳು ಮಹಿಳಾ ಡಾಕ್ಟರ್ ಬೇಕು ಅಂತ ಕೇಳಬಹುದು. ಕೇಳೋದರಲ್ಲಿ ತಪ್ಪಿಲ್ಲ.

ಖಾಸಗಿ ಸ್ಕಿನ್ ಡಾಕ್ಟರ್

ನನ್ನ ಸೊಂಟದ ನಕಾಶೆ ಮುಗಿದಿದ್ದು ಇಲ್ಲಿ. ಕೂತ ತಕ್ಷಣ ಅವರು ಕೇಳಿದ್ದು, "ಹಚ್ಚಿದ ಟ್ಯೂಬೆಲ್ಲ ತಂದಿದ್ದೀರಾ?" ಮೊಂಡು ಬ್ಲೇಡಿನಿಂದ ಅಂಚನ್ನು ಮೆಲ್ಲಗೆ ಕೆರೆದರು, ನೋವಿಲ್ಲ. ಸಿಪ್ಪೆ ಗಾಜಿನ ಪಟ್ಟಿ ಮೇಲೆ ಬಿತ್ತು, ತಲೆಹೊಟ್ಟಿನ ಹಾಗೆ. ಸಿಪ್ಪೆ ಕರಗಿಸುವ ಕೆಒಎಚ್ ದ್ರಾವಣ ಒಂದು ತೊಟ್ಟು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟರು. "ಬನ್ನಿ, ನೀವೇ ನೋಡಿ" ಅಂದರು. ಕವಲೊಡೆದ ಗಾಜಿನ ನೂಲಿನಂಥ ಎಳೆಗಳು. ಏಳು ತಿಂಗಳಿಂದ ಬಾಡಿಗೆ ಕೊಡದೆ ನನ್ನ ಮೈಯಲ್ಲಿದ್ದ ಫಂಗಸ್ ಅದು.

ಫೀಸು ಆರುನೂರು, ಆ ಪರೀಕ್ಷೆಗೆ ಇನ್ನೂರು. ಆಮೇಲೆ ಆರು ವಾರ ಮಾತ್ರೆ, ಬರೀ ಫಂಗಸ್ ಮುಲಾಮು, ಹೆಂಡತಿಗೂ ಜೊತೆಯಲ್ಲೇ ಚಿಕಿತ್ಸೆ. ಟವೆಲ್ ಬೇರೆ, ಒಳಉಡುಪು ಬಿಸಿಲಲ್ಲಿ ಒಣಗಬೇಕು, ಬಿಗಿ ಜೀನ್ಸ್ ಬೇಡ. ಮಾತ್ರೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತಾ ಅಂತ ಕೇಳಿ ಬರೆಸಿಕೊಂಡೆ. ಅಷ್ಟು ಹೊತ್ತಿಗಾಗಲೇ ಟ್ಯೂಬು, ಸೋಪು, ಪೌಡರು ಅಂತ ಅದಕ್ಕಿಂತ ಹೆಚ್ಚು ಕಳೆದಿದ್ದೆ.

ತಾಲೂಕು ಊರುಗಳಲ್ಲಿ ಫೀಸು ಕಡಿಮೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚು. ಒಂದು ವಾರದೊಳಗೆ ಮತ್ತೆ ತೋರಿಸಿದರೆ ಫೀಸಿಲ್ಲದವರೂ ಇದ್ದಾರೆ, ಮೊದಲೇ ಕೇಳಿ. ಕರ್ನಾಟಕದ 2007ರ ಕಾಯ್ದೆ ಪ್ರಕಾರ ಖಾಸಗಿ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಬೇಕು, ದರ ಕಾಣುವ ಹಾಗೆ ಹಾಕಿರಬೇಕು. ಬೋರ್ಡಿನಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಜೊತೆ ಡರ್ಮಟಾಲಜಿ ಅಂತ ಇದ್ದರೆ, ಇಲ್ಲವೇ ಡಿ.ಡಿ.ವಿ.ಎಲ್. ಅಥವಾ ಡಿ.ವಿ.ಡಿ. ಇದ್ದರೆ ಚರ್ಮರೋಗವನ್ನೇ ಓದಿದವರು. ಕಾಸ್ಮೆಟಾಲಜಿಸ್ಟ್, ಏಸ್ತೆಟಿಕ್ ಎಕ್ಸ್‌ಪರ್ಟ್ ಅಂತ ಮಾತ್ರ ಇದ್ದರೆ ಅವರು ಚರ್ಮರೋಗ ತಜ್ಞರೇ ಅಂತ ಖಾತ್ರಿ ಇಲ್ಲ. ಹೊಳೆಯುವ ಗಾಜು, ಸೋಫಾ, ಲೇಸರ್ ಪ್ಯಾಕೇಜ್ ಇರುವ ಕಡೆ ದದ್ದು ತೋರಿಸೋಕೆ ಹೋದ ನನ್ನ ತಂಗಿ ಫೇಶಿಯಲ್ ಕೂಪನ್ ಹಿಡಿದು ವಾಪಸ್ ಬಂದಳು.

ಕೆಲವೊಮ್ಮೆ ಬಯಾಪ್ಸಿ ಅನ್ನುತ್ತಾರೆ. ಹೆದರಬೇಡಿ, ಕ್ಯಾನ್ಸರ್‌ಗೆ ಮಾತ್ರ ಮಾಡೋದಲ್ಲ ಅದು. ಮರಗಟ್ಟಿಸಿ ಮೂರು ನಾಲ್ಕು ಮಿಲಿಮೀಟರ್ ಚರ್ಮ ತೆಗೆಯುತ್ತಾರೆ, ಒಂದೆರಡು ಹೊಲಿಗೆ. ಹೆಸರು ಸಿಗದ ದದ್ದಿಗೆ ಹಲವು ಸಲ ಅದೇ ಉತ್ತರ. ಅಂಗೈ, ಅಂಗಾಲಲ್ಲಿ ತುರಿಕೆ ಇಲ್ಲದ ಚುಕ್ಕೆ ಬಂದರೆ ವಿ.ಡಿ.ಆರ್.ಎಲ್. ರಕ್ತಪರೀಕ್ಷೆ ಬರೆಯುತ್ತಾರೆ, ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದೆಯಾ ಅಂತ ನೋಡೋಕೆ. ಮುಖ ಸಣ್ಣ ಮಾಡಿಕೊಳ್ಳದೆ ಮಾಡಿಸಿ.

ದುಡ್ಡು ಸುಮ್ನೆ ಹೋಗೋದು ಇನ್ನೊಂದು ಕಡೆ. ನೂರಾರು ಪದಾರ್ಥಗಳ ರಕ್ತದ ಅಲರ್ಜಿ ಪ್ಯಾಕೇಜ್. ಸಾವಿರಗಟ್ಟಲೆ ರೂಪಾಯಿ. ಚರ್ಮಕ್ಕೆ ತಾಗಿ ಬರುವ ಅಲರ್ಜಿಯನ್ನು ಅದು ಹೇಳುವುದಿಲ್ಲ, ಅದಕ್ಕೆ ಪ್ಯಾಚ್ ಟೆಸ್ಟೇ ಬೇಕು. ಆರು ವಾರಕ್ಕಿಂತ ಹಳೆಯ ಪಿತ್ತಗಂಧೆಯಲ್ಲೂ ಹೊರಗಿನ ಕಾರಣ ಸಿಗೋದು ಅಪರೂಪ. ವರದಿಯಲ್ಲಿ ಹತ್ತು ತಿಂಡಿಗೆ ಕೆಂಪು ಗುರುತು ಬರುತ್ತದೆ, ತಿಂದರೆ ಏನೂ ಆಗುತ್ತಿರಲಿಲ್ಲ, ಆದರೂ ಮಗುವಿಗೆ ಹಾಲು, ಮೊಟ್ಟೆ ಬಂದ್.

ಫೋನು, ವಿಡಿಯೋ

ಸ್ಕಿನ್ ಡಾಕ್ಟರ್ ನೂರು ಕಿಲೋಮೀಟರ್ ದೂರ ಇದ್ದರೆ ಇದು ದೊಡ್ಡ ಉಪಕಾರ. 2020ರಲ್ಲಿ ಕೇಂದ್ರ ಸರ್ಕಾರ ಫೋನ್, ವಿಡಿಯೋ ಮೂಲಕ ಚಿಕಿತ್ಸೆಗೆ ನಿಯಮ ಮಾಡಿತು. ಸರ್ಕಾರದ ಇ-ಸಂಜೀವಿನಿ ಉಚಿತ. ಎರಡನೇ ಭೇಟಿಗೆ, ಔಷಧ ಮುಂದುವರಿಸೋದಾ ಅಂತ ಕೇಳೋಕೆ ಬಹಳ ಚೆನ್ನ. ಮೊದಲ ಸಲಕ್ಕೆ ಅಷ್ಟು ನೆಚ್ಚಬೇಡಿ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣಲ್ಲ. ಕಂದು, ನೇರಳೆ, ಬೂದು ಹಾಗೆ ಕಾಣುತ್ತದೆ, ಫೋನ್ ಕ್ಯಾಮೆರಾ ಅದನ್ನೂ ತಿದ್ದಿಬಿಡುತ್ತದೆ. ಕೆರೆದು ನೋಡೋಕೂ ಆಗಲ್ಲ, ಮುಟ್ಟಿ ನೋಡೋಕೂ ಆಗಲ್ಲ.

ಕಳಿಸುವುದಾದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲೊಂದು ನಾಣ್ಯ. ಪಿತ್ತಗಂಧೆಗೆ ಫೋಟೋ ಬೇಕೇ ಬೇಕು. ಒಂದೊಂದು ದಡಿಕೆ 24 ಗಂಟೆಯೊಳಗೆ ಮಾಯವಾಗುತ್ತದೆ, ಡಾಕ್ಟರ ಮುಂದೆ ಕೂತಾಗ ಮೈ ಕನ್ನಡಿ ಹಾಗಿರುತ್ತದೆ.

ನಾಟಿ ಮದ್ದು, ಆಯುರ್ವೇದ, ಅಜ್ಜಿ ಮದ್ದು

ಇಲ್ಲಿ ನಾನು ಜಗಳಕ್ಕೆ ಬರೋದಿಲ್ಲ. ಸ್ನಾನ ಮಾಡಿದ ತಕ್ಷಣ, ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚೋದು ಒಣಚರ್ಮಕ್ಕೆ ನಿಜವಾಗಿಯೂ ಒಳ್ಳೆಯದು. ಪಿತ್ತಗಂಧೆಗೆ ನಮ್ಮಜ್ಜಿ ಕಂಬಳಿ ಹೊದಿಸುತ್ತಿದ್ದರು. ದಡಿಕೆ ತಾನಾಗೇ ಇಳಿಯುತ್ತಿತ್ತು, ಹೆಸರು ಕಂಬಳಿಗೆ ಬರುತ್ತಿತ್ತು. ಸರ್ಪಸುತ್ತಿನ ಕಥೆಯೂ ಇದೇ. ಎರಡು ನಾಲ್ಕು ವಾರದಲ್ಲಿ ಗುಳ್ಳೆ ಒಣಗೇ ಒಣಗುತ್ತದೆ. ಕೆಮ್ಮಣ್ಣು ಹಚ್ಚಿದವರಿಗೂ ಒಣಗುತ್ತದೆ, ಮಂತ್ರ ಹಾಕಿಸಿದವರಿಗೂ ಒಣಗುತ್ತದೆ. ವಯಸ್ಸಾದವರಿಗೆ ಆಮೇಲೆ ತಿಂಗಳುಗಟ್ಟಲೆ ನರದ ನೋವು ಉಳಿಯುತ್ತಲ್ಲ, ಅದರ ಲೆಕ್ಕ ಯಾರೂ ಇಡುವುದಿಲ್ಲ. ಮಂತ್ರ ಬೇಕಾದರೆ ಹಾಕಿಸಿ, ಮಾತ್ರೆ ಮೂರು ದಿನದೊಳಗೆ ಶುರುವಾಗಲಿ.

ಬೆಳ್ಳುಳ್ಳಿ ಅರೆದು ಕಟ್ಟೋದು, ಸುಣ್ಣ, ಟೂತ್‌ಪೇಸ್ಟ್ ಬೇಡ. ಚರ್ಮ ಸುಡುತ್ತದೆ, ಮೇಲೆ ಇನ್ನೊಂದು ಕಾಯಿಲೆ. ಆಯುರ್ವೇದಕ್ಕೇ ಹೋಗುವುದಾದರೆ ಬಿ.ಎ.ಎಂ.ಎಸ್. ಓದಿ ನೋಂದಣಿ ಆದವರ ಹತ್ತಿರ ಹೋಗಿ. ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಮುಲಾಮು ಎರಡೇ ದಿನದಲ್ಲಿ ಪವಾಡ ಮಾಡಿದರೆ ಖುಷಿಪಡುವ ಬದಲು ಅನುಮಾನಪಡಿ. ಅಂಥದ್ದರಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸದೇನಲ್ಲ.

ಹಾಗಾದರೆ ನೀವು?

ದದ್ದು ಬಂದು ಎರಡು ಮೂರು ದಿನ, ಬೇರೆ ತೊಂದರೆ ಇಲ್ಲ ಅಂದರೆ ಕ್ಯಾಲಮೈನ್ ಹಚ್ಚಿ ಕಾಯಬಹುದು. ಮಗು, ಬಸುರಿ, ಸಕ್ಕರೆ ಕಾಯಿಲೆಯವರು ಕಾಯಬೇಡಿ, ಮಾಮೂಲಿ ಡಾಕ್ಟರಿಗೆ ಆವತ್ತೇ ತೋರಿಸಿ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೆ ಬರೆ ಎಳೆದ ಹಾಗೆ ಉರಿ ಗಾಯ ಕಂಡರೆ ದೀಪಕ್ಕೆ ಬಂದ ಹುಳವನ್ನು ಉಜ್ಜಿರಬಹುದು. ಸೋಪು ಹಾಕಿ ತೊಳೆದು ಅವರಿಗೇ ತೋರಿಸಿ.

ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ, ಕಾಯಿಲೆ ಹಳೆಯದು ಅಂದರೆ ಮೆಡಿಕಲ್ ಕಾಲೇಜು. ದುಡ್ಡು ಸ್ವಲ್ಪ ಇದೆ, ರಜೆ ಸಿಗಲ್ಲ ಅಂದರೆ ಖಾಸಗಿ ಸ್ಕಿನ್ ಡಾಕ್ಟರ್. ಒಂದು ಸಲ ಸರಿಯಾಗಿ ತೋರಿಸಿ, ಮುಂದಿನದನ್ನು ಫೋನಲ್ಲಿ ಮುಗಿಸಿ. ಊರು ದೂರ ಅಂದರೆ ಪಿಎಚ್‌ಸಿಯಲ್ಲೇ ಕೂತು ಇ-ಸಂಜೀವಿನಿ ಮೂಲಕ ಸ್ಕಿನ್ ಡಾಕ್ಟರ್ ಸಿಗುತ್ತಾರಾ ಅಂತ ಕೇಳಿ. ಕೆಲಸದ ಜಾಗದಲ್ಲಿ ಹೆಚ್ಚಾಗಿ ರಜೆಯಲ್ಲಿ ಕಡಿಮೆ ಆಗುವ ದದ್ದಾದರೆ ಪ್ಯಾಚ್ ಟೆಸ್ಟ್ ಇರುವ ಕಡೆಗೇ ಹೋಗಿ, ಎರಡು ದಿನ ಹೆಚ್ಚು ಹೋದರೂ ಚಿಂತೆಯಿಲ್ಲ.

ಎಲ್ಲಿಗೇ ಹೋಗಿ, ಹೋಗುವ ದಿನ ಮುಲಾಮು ಹಚ್ಚಬೇಡಿ. ಪೌಡರು, ಅರಿಶಿನ ಕೂಡ ಬೇಡ. ಹಚ್ಚಿದ ಟ್ಯೂಬುಗಳು, ನುಂಗುವ ಮಾತ್ರೆಗಳು ಎಲ್ಲ ಒಂದು ಕವರಿನಲ್ಲಿ. ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹಬ್ಬಿತು, ಮನೆಯಲ್ಲಿ ಯಾರಿಗಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಸುಲಭಕ್ಕೆ ಬಿಚ್ಚುವ ಬಟ್ಟೆ ಹಾಕಿಕೊಳ್ಳಿ. ಏಳುವ ಮುಂಚೆ ಮೂರು ವಿಷಯ ಕೇಳಿ: ಇದರ ಹೆಸರೇನು, ಎಷ್ಟು ದಿನ ಹಚ್ಚಬೇಕು, ಎಷ್ಟು ಹಚ್ಚಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬು ಹಿಂಡಿದರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನನಗೆ ಅದನ್ನು ತೋರಿಸಿಕೊಟ್ಟಿದ್ದು ಆ ಡಾಕ್ಟರೇ, ತಮ್ಮ ಬೆರಳ ಮೇಲೆ ಹಿಂಡಿ.

ಅಪ್ಪ ಈಗ ಹೊಲಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ. ಬಂದ ತಕ್ಷಣ ಸ್ನಾನ. ಬದುವಿನ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆಯೇ ಆಳು ಹಿಡಿದು ಕೀಳಿಸುತ್ತಾರೆ, ಆಳುಗಳಿಗೂ ಗ್ಲೌಸ್ ಕೊಡಿಸಿದ್ದಾರೆ. ಪಕ್ಕದ ಹೊಲದವರು ಮಾತ್ರ ಕೀಳಿಸುವುದಿಲ್ಲ. ಹೋದ ಮಳೆಗಾಲದಲ್ಲಿ ಅವರ ಕಣ್ಣಿನ ರೆಪ್ಪೆಯೂ ಕೆಂಪಾಗಿತ್ತಂತೆ. ಅವರಿಗೆ ಯಾರೋ ಬದನೆಕಾಯಿ ಬಿಡಿಸಿದ್ದಾರೆ.